ಅಡ್ಡಸಾಲು, ಕಂಬಸಾಲು

ಜುಲೈ 8, ಮಂಗಳವಾರ

ನಾಳೆ ಬಿ.ಎಸ್‌ಸಿ. ಮಕ್ಕಳಿಗೆ ಆರ್ ಭಾಷೆಯಲ್ಲಿ ಮಾತೃಕೆ ಕಟ್ಟುವುದನ್ನು ಹೇಳಿಕೊಡಬೇಕು. ಆಜ್ಞೆ ಚಿಕ್ಕದು. 'ಮ್ಯಾಟ್ರಿಕ್ಸ್' ಎಂದು ಬರೆದು, ಆವರಣದೊಳಗೆ ಸಂಖ್ಯೆಗಳನ್ನೂ ಎಷ್ಟು ಅಡ್ಡಸಾಲು ಬೇಕೆಂಬುದನ್ನೂ ಕೊಟ್ಟರೆ ಮುಗಿಯಿತು. ಮಕ್ಕಳು ತಡವರಿಸುವುದು ಆಮೇಲೆ. 1ರಿಂದ 6ರವರೆಗಿನ ಸಂಖ್ಯೆ ಕೊಟ್ಟು ಎರಡು ಅಡ್ಡಸಾಲು ಕೇಳಿದರೆ ಮೊದಲ ಸಾಲಿಗೆ 1, 3, 5 ಬರುತ್ತದೆ. ಎರಡನೆಯದಕ್ಕೆ 2, 4, 6. ಆರ್ ಮೇಲಿನಿಂದ ಕೆಳಕ್ಕೆ, ಒಂದೊಂದೇ ಕಂಬಸಾಲು ತುಂಬುತ್ತಾ ಹೋಗುತ್ತದೆ.

ಇದು ಫೋರ್ಟ್ರಾನ್ ಕಾಲದಿಂದ ಬಂದ ರೂಢಿ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಶುರುಮಾಡಿದ ಎಸ್ ಭಾಷೆಗೆ ಫೋರ್ಟ್ರಾನ್ ಪ್ರೋಗ್ರಾಮುಗಳೇ ಆಧಾರ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಕಟ್ಟಿದ ಆರ್ ಅದನ್ನೇ ಮುಂದುವರಿಸಿತು. ಎಡದಿಂದ ಬಲಕ್ಕೆ ಓದಿ ಬೆಳೆದವರಿಗೆ 'ಬೈರೋ' ಎಂಬ ಸೂಚನೆಯ ವಿಷಯ ಬಿಡಿಸಿ ಹೇಳಲೇಬೇಕು. ಅದಕ್ಕೆ 'ಟ್ರೂ' ಎಂದು ಕೊಟ್ಟರೆ ಅಡ್ಡಸಾಲು ಮೊದಲು ತುಂಬುತ್ತದೆ.

ಜುಲೈ 9, ಬುಧವಾರ

ಆರ್ ಜೊತೆಗೇ ಬರುವ 'ವಿಎ ಡೆತ್ಸ್' ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಯಲ್ಲೇ ಕಟ್ಟಿಸಿದೆ. 1940ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸಾವಿರಕ್ಕೆ ಎಷ್ಟು ಮಂದಿ ತೀರಿಕೊಂಡರು ಎಂಬ ಲೆಕ್ಕ ಅದು. 50ರಿಂದ 74ರವರೆಗಿನ ಐದು ವಯೋಗುಂಪು ಅಡ್ಡಸಾಲಿನಲ್ಲಿ. ಹಳ್ಳಿಯ ಗಂಡಸರು, ಹೆಂಗಸರು, ಪೇಟೆಯ ಗಂಡಸರು, ಹೆಂಗಸರು ಕಂಬಸಾಲಿನಲ್ಲಿ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬೋರ್ಡನ್ನು ಅಡ್ಡಡ್ಡ ಓದಿ ಸಂಖ್ಯೆ ಹೊಡೆದಿದ್ದಳು, ಬೈರೋ ಕೊಟ್ಟಿರಲಿಲ್ಲ. ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಸರ್, ಎಪ್ಪತ್ತು ದಾಟಿದ ಹಳ್ಳಿ ಗಂಡಸರಲ್ಲಿ ಸಾವಿರಕ್ಕೆ 18.1 ಅಷ್ಟೇನಾ? ಪೇಟೆಯ ಹೆಂಗಸರಲ್ಲೇ 50 ಇದೆಯಲ್ಲ!"

ಆರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಇಪ್ಪತ್ತು ಸಂಖ್ಯೆ, ಇಪ್ಪತ್ತು ಮನೆ. ಅದರ ಪಾಲಿಗೆ ಎಲ್ಲವೂ ಸರಿ. ಬೈರೋ ಸೇರಿಸಿದ ಕೂಡಲೇ ಆ ಮನೆಗೆ 66.0 ಬಂತು. ಅವಳಿಗೆ ಬಂದ ಅನುಮಾನ ಸಂಖ್ಯಾಶಾಸ್ತ್ರ ಓದುವವರೆಲ್ಲರಿಗೂ ಬರಬೇಕು. ಇಂದು ತುಂಬ ಸಂತೋಷವಾಯಿತು.

ಜುಲೈ 11, ಶುಕ್ರವಾರ

ಇಂದು ಒಳಗಿನ ಕಥೆ ಹೇಳಿದೆ. ಆರ್‌ನ ಒಳಗೆ ಮಾತೃಕೆ ಎಂದರೆ ಉದ್ದನೆಯ ಒಂದೇ ಸಾಲು, ಜೊತೆಗೆ 'ಡಿಮ್' ಎಂಬ ಎರಡು ಅಳತೆ. 5, 4 ಇದ್ದದ್ದನ್ನು 2, 10 ಎಂದು ಬದಲಿಸಿದರೆ ಅವೇ ಸಂಖ್ಯೆಗಳು ಬೇರೆ ಆಕಾರದಲ್ಲಿ ನಿಲ್ಲುತ್ತವೆ. ಆಕಾರ ಬದಲಾದರೆ ಯಾವ ಸಂಖ್ಯೆ ಯಾರದ್ದು ಎಂಬುದೇ ಕಳೆದುಹೋಗುತ್ತದೆ.

ಆದ್ದರಿಂದಲೇ ಸಾಲುಗಳಿಗೆ ಹೆಸರು ಬೇಕು. ಹೆಸರು ಕೊಟ್ಟ ಮೇಲೆ ಮೂರನೆಯ ಸಾಲು, ಮೂರನೆಯ ಕಂಬ ಎಂದು ಎಣಿಸುವ ಕೆಲಸವಿಲ್ಲ. 60–64ರ ಪೇಟೆಯ ಗಂಡಸರು ಎಂದೇ ಕೇಳಿ 37.0 ಪಡೆಯಬಹುದು. ಅದೇ ವಯಸ್ಸಿನ ಹಳ್ಳಿಯ ಗಂಡಸರಲ್ಲಿ ಅದು 26.9. ಈ ಅಂತರ ಕಂಡಾಗಲೇ ಏಕೆ ಎಂಬ ಪ್ರಶ್ನೆ ಹುಟ್ಟುವುದು.

ಪ್ರಾಯೋಗಿಕ ಪರೀಕ್ಷೆಗೆ ಒಂದು ನಿಯಮ ಮಾಡಿದೆ. ಮಾತೃಕೆ ಕಟ್ಟುವಾಗಲೇ ಹೆಸರು ಕೊಡಬೇಕು. ನಡುವಿನ ಯಾವುದಾದರೂ ಒಂದು ಮನೆಯನ್ನು ಮೂಲ ಪಟ್ಟಿಯೊಡನೆ ತಾಳೆ ನೋಡಿ, ನೋಡಿದ್ದೇನೆಂದು ರೆಕಾರ್ಡಿನಲ್ಲಿ ಬರೆಯಬೇಕು. ಲೆಕ್ಕ ಎಷ್ಟೇ ಸಲೀಸಾಗಿ ಮುಗಿದರೂ ಈ ಎರಡಿಲ್ಲದೆ ಪೂರ್ತಿ ಅಂಕವಿಲ್ಲ.