ಅಂಕಿಗೂ ಮೂಲೆಮಟ್ಟಕ್ಕೂ ನಡುವೆ

ಗಣಕ ಕೊಡುವ ಅಂಕಿಗಳ ಆದೇಶದಂತೆ ಮರ ಕೊರೆಯುವ ಸಿಎನ್‌ಸಿ ರೂಟರನ್ನು ಮನೆಯಲ್ಲೇ ಕಟ್ಟಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮೋಟಾರಿನ ಬೆಲೆಯನ್ನು. ವಿಚಾರಿಸಬೇಕಾದದ್ದು ತಾವು ಕೊರೆಯಲಿರುವ ಹಲಗೆಯ ಅಗಲವನ್ನು. ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ಇಡಿಯಾಗಿ ಹಿಡಿಸುವಂಥ ಯಂತ್ರದ ಆಸೆ ಸಹಜವಾದರೂ ಮೊದಲ ಯಂತ್ರಗಳನ್ನು ಕೆಡಿಸುವುದು ಹೆಚ್ಚಾಗಿ ಆ ಆಸೆಯೇ. ಎಡಬಲದ ಎರಡು ಕಾಲುಗಳ ಮೇಲೆ ಅಡ್ಡಲಾಗಿ ನಿಂತು, ಕೊರೆಯುವ ಮೋಟಾರನ್ನು ಹೊತ್ತು ಸಾಗುವ ತೊಲೆಗೆ ಗ್ಯಾಂಟ್ರಿ ಎಂದು ಹೆಸರು. ಅದರ ದಪ್ಪವನ್ನು ಹಾಗೆಯೇ ಇಟ್ಟು ಉದ್ದವನ್ನು ಮಾತ್ರ ಇಮ್ಮಡಿ ಮಾಡಿದರೆ, ನಟ್ಟನಡುವೆ ಬೀಳುವ ಅಷ್ಟೇ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತದೆ.

1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರದರ್ಶಿತವಾದ ಅಂಕಿ-ನಿಯಂತ್ರಿತ ಯಂತ್ರವು ತೂತು ಕೊರೆದ ಪಟ್ಟಿಯಿಂದ ಪಡೆಯುತ್ತಿದ್ದ ಆದೇಶವನ್ನು ಇಂದು ಅಂಗೈಯಗಲದ ಆರ್ಡುಯಿನೊ ಹಲಗೆಯೊಂದು ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶದ ಬಲದಿಂದ ಕೊಡಬಲ್ಲದಾದ್ದರಿಂದ, ಆ ಭಾಗ ಈಗ ಯೋಜನೆಯ ಸುಲಭದ ಭಾಗ. ಲೆಕ್ಕವೂ ಸುಲಭವೇ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ ಸಾಮಾನ್ಯವಾಗಿ 200 ಹೆಜ್ಜೆ ಇಡುತ್ತದೆ. ಮೋಟಾರನ್ನು ನಡೆಸುವ ಡ್ರೈವರ್ ಪ್ರತಿ ಹೆಜ್ಜೆಯನ್ನೂ ಎಂಟಾಗಿ ಒಡೆದು, ಮೋಟಾರು ತಿರುಗಿಸುವ ತಿರುಪು ತೊಲೆಯನ್ನು ಸುತ್ತಿಗೆ 5 ಮಿ.ಮೀ. ಮುಂದೆ ಸರಿಸಿದರೆ, ಒಂದು ಮಿ.ಮೀ.ಗೆ 320 ಸೂಕ್ಷ್ಮ ಹೆಜ್ಜೆಗಳಾಗುತ್ತವೆ. ಕಾಗದದ ಮೇಲಿನ ಈ ಸೂಕ್ಷ್ಮತೆ ಮರದ ಮೇಲೆ ಇಳಿಯುವುದಿಲ್ಲ, ಏಕೆಂದರೆ ತಿರುಪಿಗೂ ಅದರ ನಟ್ಟಿಗೂ ನಡುವೆ ಇರುವ ಸಡಿಲವನ್ನು, ಅಂದರೆ ಬ್ಯಾಕ್‌ಲ್ಯಾಶನ್ನು, ಮೋಟಾರು ಅರಿಯದು. ದಿಕ್ಕು ಬದಲಾದಾಗಲೆಲ್ಲ ಅದು ಒಂದಿಷ್ಟು ವ್ಯರ್ಥವಾಗಿ ತಿರುಗಿ, ಆಮೇಲಷ್ಟೇ ತೊಲೆಯನ್ನು ಎಳೆಯುತ್ತದೆ. ಇಂಥ ಯಂತ್ರ ಕೊರೆದ ವೃತ್ತದ ಅಂಚಿನಲ್ಲಿ ಬೆರಳಾಡಿಸಿದರೆ, ದಿಕ್ಕು ತಿರುಗಿದ ನಾಲ್ಕು ಕಡೆ ಸಣ್ಣ ಚಪ್ಪಟೆ ತಾಣಗಳು ಬೆರಳಿಗೆ ತಾಗುತ್ತವೆ.

ದುರ್ಬಲ ಚೌಕಟ್ಟು ಅದುರುತ್ತದೆಂದು ವೇಗ ತಗ್ಗಿಸುವುದು ಹಲವರು ಕಂಡುಕೊಳ್ಳುವ ಉಪಾಯವಾದರೂ ಅದು ಮರಕ್ಕೆ ಒಗ್ಗದು. ನಿಮಿಷಕ್ಕೆ 18,000 ಸುತ್ತು ತಿರುಗುವ ಎರಡಲಗಿನ ಬಿಟ್, ಅಲಗಿಗೆ 0.1 ಮಿ.ಮೀ.ನಂತೆ ಸಿಪ್ಪೆ ಎಬ್ಬಿಸಬೇಕಾದರೆ ನಿಮಿಷಕ್ಕೆ 3,600 ಮಿ.ಮೀ. ಸಾಗಬೇಕು; ಸುತ್ತನ್ನು ಹಾಗೆಯೇ ಬಿಟ್ಟು ಸಾಗುವ ವೇಗವನ್ನಷ್ಟೇ ಇಳಿಸಿದರೆ ಅಲಗು ಕೊಯ್ಯುವುದನ್ನು ಬಿಟ್ಟು ಉಜ್ಜತೊಡಗಿ, ಸಿಪ್ಪೆಯ ಬದಲು ಹಿಟ್ಟು ಉದುರಿ, ಅಂಚು ಕಪ್ಪಾಗುತ್ತದೆ. (ಆ ಹಿಟ್ಟು ಶ್ವಾಸಕೋಶಕ್ಕೆ ಹಾನಿಕರ, ಧೂಳು ಹೀರುವ ಕೊಳವೆಯ ಖರ್ಚನ್ನು ಮೊದಲ ಪಟ್ಟಿಯಲ್ಲೇ ಬರೆಯುವುದು ವಿವೇಕ.)

ಹಾಗಾಗಿ 600 ಮಿ.ಮೀ. ಅಗಲ, 800 ಮಿ.ಮೀ. ಉದ್ದದ ಗಟ್ಟಿ ಚೌಕಟ್ಟು ಮೊದಲ ಪ್ರಯತ್ನಕ್ಕೆ ಧಾರಾಳವಾಯಿತು. ಈ ಅಳತೆಗೆ ಇನ್ನೊಂದು ಅನುಕೂಲವಿದೆ: ಮೂಲೆಗಳು ನೇರವಾಗಿದ್ದರೆ ಕರ್ಣ ಸರಿಯಾಗಿ 1,000 ಮಿ.ಮೀ. ಬರುತ್ತದೆ. ಒಂದು ಕರ್ಣ 1,002, ಇನ್ನೊಂದು 998 ಬಂದರೆ, ನೋಟಕ್ಕೆ ನಗಣ್ಯವೆನಿಸುವ ಆ ವ್ಯತ್ಯಾಸವೇ 600 ಮಿ.ಮೀ. ಅಗಲದಲ್ಲಿ ಎರಡೂವರೆ ಮಿ.ಮೀ. ಓರೆಯಾಗಿ, ಕೊರೆದ ಪೆಟ್ಟಿಗೆಯ ಮುಚ್ಚಳ ಕೂರದಂತೆ ಮಾಡುತ್ತದೆ. ಬಾಗಿಲ ಚೌಕಟ್ಟನ್ನು ಕೂಡಿಸುವ ಬಡಗಿ ಮೂಲೆಯಿಂದ ಮೂಲೆಗೆ ಅಳತೆ ಹಿಡಿದು ನೋಡುವುದೂ ಇದನ್ನೇ. ಎರಡು ಕರ್ಣಗಳೂ ಸಮವಾಗುವ ತನಕ ಬೋಲ್ಟುಗಳನ್ನು ಬಿಗಿಮಾಡದಿರುವುದು, ಮೋಟಾರುಗಳನ್ನು ಪೆಟ್ಟಿಗೆಯಿಂದ ಹೊರತೆಗೆಯದಿರುವುದು ಒಳ್ಳೆಯದು.