ಹೂತಿಟ್ಟ ಪಿಂಗಾಣಿ, ನುಂಗಲಾಗದ ಅನ್ನ

ಕಳೆದ ಬೇಸಿಗೆ ರಜೆಯನ್ನೆಲ್ಲ ನಾನು ಚೀನಾ ದೇಶದಲ್ಲಿ ಕಳೆದೆ. ವಿಮಾನ ಹತ್ತಿದೆನೆಂದು ಯಾರೂ ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗಳು ತಂದುಕೊಟ್ಟ ನಾಲ್ಕು ಪುಸ್ತಕಗಳೇ ನನ್ನ ವಾಹನ. ವಿಜಯಪುರದ ಬಿಸಿಲಿಗೆ ಹೊರಗೆ ಕಾಲಿಡಲಾಗದ ಮಧ್ಯಾಹ್ನಗಳಲ್ಲಿ, ಪಕ್ಕದಲ್ಲಿ ನಿಘಂಟು ಮತ್ತು ಭೂಪಟ ಇಟ್ಟುಕೊಂಡು, ಒಂದೊಂದೇ ಪುಟ ದಾಟಿದೆ. ಮೊದಲ ಪುಸ್ತಕ ಅಡುಗೆಯದೆಂದು ಗೊತ್ತಾದಾಗ ಮನೆಯಾಕೆ, “ಈಗರೆ ಒಲಿ ಮುಂದ ಬರ್ತೀರೇನು?” ಎಂದು ನಕ್ಕಳು. ಚೀನಾದ ಊಟವೆಂದರೆ ನಮಗಿಬ್ಬರಿಗೂ ಗೊತ್ತಿದ್ದುದು ಸಂಜೆ ಗಾಡಿಯ ಗೋಬಿ ಮಂಚೂರಿ ಮಾತ್ರ. ಅದು ಭಾರತದಲ್ಲೇ ಹುಟ್ಟಿದ ತಿನಿಸು!

ಆ ಅಡುಗೆ ಪುಸ್ತಕ ಬರೆದವರು ಚಾವ್ ಯಾಂಗ್ ಬುವೆಯಿ ಎಂಬ ಹೆಣ್ಣುಮಗಳು. 1889ರಲ್ಲಿ ನಾನ್‌ಜಿಂಗ್‌ನಲ್ಲಿ ಹುಟ್ಟಿದವರು. ಹಿರಿಯರು ಗೊತ್ತುಮಾಡಿದ್ದ ಮದುವೆಯನ್ನು ಮುರಿದು, ಟೋಕಿಯೋಗೆ ಹೋಗಿ ವೈದ್ಯಶಾಸ್ತ್ರ ಓದಿದರು. ಅಲ್ಲಿಯ ಊಟ ಬಾಯಿಗೆ ಹತ್ತದ್ದರಿಂದ ತಾವೇ ಬೇಯಿಸಿಕೊಳ್ಳಲು ಕಲಿತರು. ಮುಂದೆ ಭಾಷಾವಿಜ್ಞಾನಿ ಗಂಡನೊಡನೆ ಅಮೆರಿಕದಲ್ಲಿ ನೆಲೆಸಿದ ಮೇಲೆ, 1945ರಲ್ಲಿ ಈ ಪುಸ್ತಕ ಹೊರಬಂತು. ತಾಯಿ ಚೀನೀ ಭಾಷೆಯಲ್ಲಿ ಬರೆದರು, ಮಗಳು ಇಂಗ್ಲಿಷಿಗೆ ತಿರುಗಿಸಿದಳು, ತಂದೆ ಅದನ್ನು ತಿದ್ದಿದರು. ಇಂದು ಜಗತ್ತಿನ ಹೋಟೆಲುಗಳಲ್ಲೆಲ್ಲ ಬಳಕೆಯಲ್ಲಿರುವ ‘ಸ್ಟರ್ ಫ್ರೈ’ ಎಂಬ ಮಾತು ಪ್ರಚಾರಕ್ಕೆ ಬಂದದ್ದು ಇಲ್ಲಿಂದಲೇ. ಮರುವರ್ಷವಲ್ಲ, ಅದರ ಮರುವರ್ಷ, 1947ರಲ್ಲಿ ಅವರ ಆತ್ಮಕಥೆಯೂ ಬಂತು. ಡಾಕ್ಟರಾಗಿ ಆಸ್ಪತ್ರೆ ತೆರೆದಿದ್ದ ಆಕೆಯನ್ನು ಜಗತ್ತು ನೆನಪಿಟ್ಟುಕೊಂಡದ್ದು ಸೌಟು ಹಿಡಿದ ಕೈಗಾಗಿ.

ಎರಡನೆಯದು ಇಂಗ್ಲೆಂಡಿನ ಫುಶಿಯಾ ಡನ್‌ಲಪ್ ಅವರು 2008ರಲ್ಲಿ ಪ್ರಕಟಿಸಿದ ನೆನಪುಗಳು. 1994ರಲ್ಲಿ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರಕ್ಕೆ ಓದಲು ಹೋದ ಈಕೆ ಕೊನೆಗೆ ಅಲ್ಲಿಯ ಅಡುಗೆ ಶಾಲೆಯನ್ನೇ ಸೇರಿದರು. ಸಿಚುವಾನಿನ ಮೆಣಸು ನಮ್ಮ ಕಾಳುಮೆಣಸಿನ ಜಾತಿಯದಲ್ಲ. ನಮ್ಮ ಕರಾವಳಿಯಲ್ಲಿ ಮೀನುಸಾರಿಗೆ ಹಾಕುವ ಜುಮ್ಮನಕಾಯಿ, ಅಂದರೆ ಕೊಂಕಣಿಯವರ ತೆಪ್ಪಲ್, ಅದರ ಹತ್ತಿರದ ಬಂಧು. ಎರಡೂ ‘ಝಾಂತೋಝೈಲಮ್’ ಎಂಬ ಒಂದೇ ಕುಲದವು. ಅಂಕೋಲೆಯ ಸಹೋದ್ಯೋಗಿಯೊಬ್ಬರು ತಂದುಕೊಟ್ಟ ಒಂದು ಕಾಯಿಯ ಸಿಪ್ಪೆಯನ್ನು ಕಚ್ಚಿ ನೋಡಿದೆ. ತುಟಿ ಜುಮ್ಮೆಂದು ನಡುಗಿತು. 2013ರಲ್ಲಿ ಲಂಡನ್ನಿನ ವಿಜ್ಞಾನಿಗಳು ಸಿಚುವಾನ್ ಮೆಣಸಿನ ಈ ಜುಮ್ಮನ್ನು ಅಳೆದಿದ್ದಾರೆ. ತುಟಿಗೆ ಅದು ಸೆಕೆಂಡಿಗೆ ಸುಮಾರು 50 ಸಲದ ಕಂಪನದಂತೆ ಭಾಸವಾಗುತ್ತದಂತೆ. ನಮ್ಮ ಮನೆಯ ವಿದ್ಯುತ್ತಿನ ಆವರ್ತನವೂ ಅಷ್ಟೇ ಎಂದು ಒಂಬತ್ತನೆಯ ತರಗತಿಯಲ್ಲಿ ಹೇಳಿದಾಗ ಹುಡುಗರಿಗೆ ಬಲು ಖುಷಿಯಾಯಿತು.

ಸಿಚುವಾನನ್ನು ಚೀನೀಯರು ಹಿಂದಿನಿಂದಲೂ ಸ್ವರ್ಗದ ಉಗ್ರಾಣವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಲೀ ಬಿಂಗ್ ಎಂಬ ಅಧಿಕಾರಿ ಕಟ್ಟಿಸಿದ ದುಜಿಯಾಂಗ್‌ಯಾನ್ ನೀರಾವರಿ ಇಂದಿಗೂ ಚೆಂಗ್ಡುವಿನ ಬಯಲಿಗೆ ನೀರುಣಿಸುತ್ತಿದೆ. ಅಣೆಕಟ್ಟೆಯಿಂದ ನದಿಗೆ ಅಡ್ಡ ನಿಲ್ಲದೆ, ಅದನ್ನು ಎರಡಾಗಿ ಸೀಳಿ ಹರಿಯಬಿಟ್ಟ ಜಾಣ್ಮೆ ಅದು. ಇಂಥ ಸೀಮೆಯಲ್ಲಿ ಹಸಿವಿಗೆ ಜಾಗವೆಲ್ಲಿ ಎಂದುಕೊಂಡೇ ಆ ಪುಸ್ತಕ ಮುಚ್ಚಿದೆ.

ಮೂರನೆಯದು ಹುವಾನ್ ಶು ಎಂಬ ಅಮೆರಿಕನ್ ಪತ್ರಕರ್ತ 2015ರಲ್ಲಿ ಪ್ರಕಟಿಸಿದ ಪುಸ್ತಕ. ಇವರ ಮುತ್ತಜ್ಜನ ತಂದೆ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ಯಾಂಗ್ತ್ಸೆ ನದಿಯ ದಂಡೆಯ ಜಮೀನುದಾರ. 1938ರಲ್ಲಿ ಜಪಾನೀ ಸೈನ್ಯ ಹತ್ತಿರ ಬಂದಾಗ, ಆತ ತನ್ನ ಮನೆತನದ ಪಿಂಗಾಣಿ ಪಾತ್ರೆಗಳನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಹೂತಿಟ್ಟು ಊರು ಬಿಟ್ಟ. ಮೊಮ್ಮಕ್ಕಳ ಮೊಮ್ಮಗನ ಪೀಳಿಗೆಯ ಹುಡುಗ ಅದನ್ನು ಹುಡುಕಿಕೊಂಡು ಬಂದದ್ದೇ ಈ ಕಥೆ. ಜಿಂಗ್‌ಡೆಝೆನ್ ಎಂಬ ಪಿಂಗಾಣಿಯ ಊರು ಇರುವುದೂ ಆ ಪ್ರಾಂತ್ಯದಲ್ಲೇ. ನಾವು ಪಾಠದಲ್ಲಿ ಹೇಳುವ ‘ಕೆಯೊಲಿನ್’ ಮಣ್ಣಿಗೆ ಹೆಸರು ಬಂದದ್ದು ಅದರ ಸಮೀಪದ ಗಾವ್‌ಲಿಂಗ್ ಎಂಬ ಹಳ್ಳಿಯಿಂದ. ನಿಧಿಯ ಗತಿ ಏನಾಯಿತೆಂಬುದನ್ನು ಓದುವವರ ಪಾಲಿಗೇ ಬಿಡುತ್ತೇನೆ. ನನಗೆ ನೆನಪಾದದ್ದು ನಮ್ಮೂರ ಮನೆಯ ಹಗೇವು.

ಹಗೇವು ಕಾಣದ ಓದುಗರಿಗಾಗಿ ಎರಡು ಮಾತು. ಅದು ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಒಡಲು ದೊಡ್ಡದು. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತದೆ, ಹುಳುಗಳು ಬದುಕುವುದಿಲ್ಲ. ಅದಕ್ಕೇ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಕಾಯಬೇಕು. ನಮ್ಮ ಹಗೇವನ್ನು 1996ರಲ್ಲಿ ಕಲ್ಲು ಮಣ್ಣು ಹಾಕಿ ಮುಚ್ಚಿಸಿದವನು ನಾನೇ. ಅದರ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಲು ಫರಸಿ ಹಾಸಿದ್ದಾಯಿತು. ಅಪ್ಪ ಬೇಡವೆನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದ: “ಅದರಾಗ ಎಷ್ಟು ಚೀಲ ಹಿಡೀತಿದ್ದವು, ಗೊತ್ತದ ಏನು ನಿನಗ?” ಹೊಸದಾಗಿ ಮೇಷ್ಟ್ರಾಗಿದ್ದ ನಾನು, “ಈಗ ರೇಷನ್ ಅಂಗಡಿ ಅದ, ಬ್ಯಾಂಕ್ ಅದ, ಯಾಕ್ ಬೇಕಪ್ಪ ಅದು?” ಅಂದೆ. ಅಪ್ಪ ಸುಮ್ಮನೆ ಕೈ ತೊಳೆದ.

ಈ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾಲ್ಕನೆಯ ಪುಸ್ತಕಕ್ಕೆ ಕೈಹಾಕಿದೆ. ಯಾಂಗ್ ಜಿಶೆಂಗ್ ಎಂಬ ಪತ್ರಕರ್ತರ ಪುಸ್ತಕವದು. ಹೆಸರು ‘ಸಮಾಧಿಕಲ್ಲು’ ಎಂದರ್ಥ. 2008ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು, ಚೀನಾದ ಒಳನಾಡಿನಲ್ಲಿ ನಿಷಿದ್ಧವಾಯಿತು. ನಾನು ಓದಿದ್ದು 2012ರ ಇಂಗ್ಲಿಷ್ ರೂಪ.

1959ರ ವಸಂತಕಾಲ. ಹುಬೈ ಪ್ರಾಂತ್ಯದ ಹೈಸ್ಕೂಲೊಂದರ ವಸತಿಯಲ್ಲಿದ್ದ ಹುಡುಗ ಯಾಂಗ್‌ಗೆ, ಊರಲ್ಲಿ ತಂದೆ ಹಸಿವಿನಿಂದ ಸಾಯುತ್ತಿದ್ದಾರೆಂಬ ಸುದ್ದಿ ಬಂತು. ತನ್ನನ್ನು ಸಾಕಿ ತಂದೆಯಾಗಿದ್ದ ಚಿಕ್ಕಂದಿನ ಆಸರೆ ಅವರು. ಶಾಲೆಯ ಊಟದ ಪಾಲಿನಲ್ಲಿ ಅಕ್ಕಿ ಪಡೆದುಕೊಂಡು ಓಡಿದ. ಅನ್ನ ಬೇಯಿಸಿದ. ಆದರೆ ತಂದೆಗೆ ನುಂಗುವ ಶಕ್ತಿಯೇ ಉಳಿದಿರಲಿಲ್ಲ. ಮೂರು ದಿನಕ್ಕೆ ತೀರಿಕೊಂಡರು. ಹುಡುಗ ಮಣ್ಣು ಮಾಡಿ ಶಾಲೆಗೆ ಮರಳಿದ. ಇದು ತನ್ನ ಮನೆಯೊಂದರ ದುರದೃಷ್ಟ, ದೇಶವಂತೂ ಮುನ್ನುಗ್ಗುತ್ತಿದೆ ಎಂದೇ ನಂಬಿದ್ದ. ಅದು ದೇಶಕ್ಕೆ ದೇಶವೇ ಅನುಭವಿಸಿದ ಸಾವೆಂದು ತಿಳಿಯಲು ಅವನಿಗೆ ಹಲವು ವರ್ಷ ಹಿಡಿಯಿತು. ಮುಂದೆ ಸರಕಾರೀ ಸುದ್ದಿಸಂಸ್ಥೆಯ ವರದಿಗಾರನಾಗಿ, ಪ್ರಾಂತ್ಯ ಪ್ರಾಂತ್ಯಗಳ ದಾಖಲೆಕೋಣೆಗಳಲ್ಲಿ ಕೂತು ಲೆಕ್ಕ ಹೆಕ್ಕಿದರು. ಅವರ ಲೆಕ್ಕದಲ್ಲಿ ಆ ಕ್ಷಾಮದಲ್ಲಿ ಸತ್ತವರು 3 ಕೋಟಿ 60 ಲಕ್ಷ. ಬೇರೆ ಸಂಶೋಧಕರ ಅಂದಾಜುಗಳು ಇದಕ್ಕಿಂತ ಕಡಿಮೆಯೂ ಇವೆ, ಹೆಚ್ಚೂ ಇವೆ.

ಕಾರಣ ಮಳೆಯೊಂದೇ ಆಗಿದ್ದರೆ ವಿಜ್ಞಾನದ ಮೇಷ್ಟ್ರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮುಖ್ಯ ಕಾರಣ ಸುಳ್ಳು ಅಂಕಿ ಮತ್ತು ಅದನ್ನು ಪ್ರಶ್ನಿಸಲು ಬಿಡದ ಆಡಳಿತ. 1958ರಲ್ಲಿ ಅದೇ ಹುಬೈ ಪ್ರಾಂತ್ಯದ ಮಾಚೆಂಗ್ ಎಂಬಲ್ಲಿ ಒಂದು ಮು ಗದ್ದೆಗೆ, ಅಂದರೆ ಎಕರೆಯ ಆರನೇ ಒಂದು ಭಾಗಕ್ಕೆ, 18 ಟನ್ನಿಗೂ ಮಿಕ್ಕಿ ಭತ್ತ ಬೆಳೆದಿದೆಯೆಂದು ಪತ್ರಿಕೆಯಲ್ಲಿ ಬಂತು. ಬೇರೆ ಗದ್ದೆಗಳ ಪೈರನ್ನು ಕಿತ್ತು ತಂದು ಒಂದೇ ಕಡೆ ಒತ್ತಿ ನಿಲ್ಲಿಸಿದ ಆಟವದು. ಇಂಥ ಸುಳ್ಳು ಇಳುವರಿಯ ಮೇಲೆ ಸರಕಾರದ ಪಾಲು ನಿಗದಿಯಾಯಿತು; ರೈತರ ಹೊಟ್ಟೆಯ ಕಾಳೂ ಉಗ್ರಾಣ ಸೇರಿತು. ಮನೆಮನೆಯ ಬಾಣಲೆಗಳು ಉಕ್ಕಿನ ಹೆಸರಿನಲ್ಲಿ ಹಿತ್ತಲ ಕುಲುಮೆಗಳಲ್ಲಿ ಕರಗಿದವು. ಮನೆಯಲ್ಲಿ ಒಲೆ ಹಚ್ಚದೆ ಎಲ್ಲರೂ ಸಾಮೂಹಿಕ ಊಟದ ಮನೆಯಲ್ಲಿ ಉಣ್ಣಬೇಕಾಯಿತು. ಆ ಊಟದ ಮನೆಯ ಕಾಳು ಮುಗಿದಾಗ ಮನೆಯಲ್ಲಿ ಬೇಯಿಸಲು ಪಾತ್ರೆಯೂ ಇಲ್ಲ, ಬೇಯಿಸುವುದಕ್ಕೂ ಏನಿಲ್ಲ. 1959ರಲ್ಲಿ ಚೀನಾ 40 ಲಕ್ಷ ಟನ್ನಿಗೂ ಹೆಚ್ಚು ಧಾನ್ಯವನ್ನು ಹೊರದೇಶಕ್ಕೆ ಮಾರಿತ್ತು. ಅತಿ ಹೆಚ್ಚು ಜನ ಸತ್ತ ಪ್ರಾಂತ್ಯ ಯಾವುದು ಗೊತ್ತೆ? ಸಿಚುವಾನ್. ಸ್ವರ್ಗದ ಉಗ್ರಾಣವೆನಿಸಿದ ಅದೇ ಸಿಚುವಾನ್!

ಆ ಸಾಲು ಓದಿದ ಮೇಲೆ ಎರಡನೆಯ ಪುಸ್ತಕವನ್ನು ಮತ್ತೆ ತೆರೆದೆ. ಬೀದಿಬದಿಯ ಸೇವಿಗೆ, ಎಣ್ಣೆಯಲ್ಲಿ ಚುರುಗುಟ್ಟುವ ಮೆಣಸಿನಕಾಯಿ, ಊಟದ ಮೇಜಿನ ಸುತ್ತ ಗದ್ದಲ. 1994ರಲ್ಲಿ ಆ ಮೇಜಿಗೆ ಕೂತಿದ್ದ ಐವತ್ತು ದಾಟಿದವರೆಲ್ಲ ಆ ಮೂರು ವರ್ಷಗಳನ್ನು ಕಂಡವರೇ ಅಲ್ಲವೆ? ಅವರು ಚಾಪ್‌ಸ್ಟಿಕ್ಕಿನಿಂದ ಕೊನೆಯ ತುಣುಕನ್ನೂ ಹೆಕ್ಕಿ ತಿನ್ನುವುದನ್ನು ರುಚಿಯೊಂದರಿಂದಲೇ ವಿವರಿಸಲಾಗದು. ಅಡುಗೆಯ ಪುಸ್ತಕವನ್ನೂ ಹಸಿವಿನ ಪುಸ್ತಕವನ್ನೂ ಬೇರೆ ಬೇರೆ ಕಪಾಟಿನಲ್ಲಿಡುವುದು ನಮ್ಮ ಅನುಕೂಲಕ್ಕಷ್ಟೆ. ಒಂದು ಮನೆತನದಲ್ಲಿ ಅವೆರಡೂ ಒಂದೇ ಒಲೆಯ ಮುಂದೆ ಕೂತಿರುತ್ತವೆ.

ರಜೆ ಮುಗಿಯುವ ಮೊದಲು ಊರಿಗೆ ಹೋದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಆತನ ತಂಗಿ, ನಮ್ಮ ಅತ್ತಿ, ಇದ್ದಾಳೆ. ಹಗೇವಿನ ಮಾತೆತ್ತಿದೆ. ಅವಳು ಸ್ವಲ್ಪ ಹೊತ್ತು ಫರಸಿಯನ್ನೇ ನೋಡಿದಳು. 1972ರ ಬರದಲ್ಲಿ ನಾನು ಮೂರು ವರ್ಷದವ. ಹಗೇವು ಬರಿದಾಗಿತ್ತು. ಗೋಡೆಗೆ ಹತ್ತಿ ಕಪ್ಪಾದ ಮುಗ್ಗಲು ಜೋಳ ತಳದಲ್ಲಿ ಒಂದಿಷ್ಟು ಉಳಿದಿತ್ತಂತೆ. ಎಲ್ಲರೂ ಬೇಡವೆಂದರೂ ಅಪ್ಪ ದೀಪ ಬಿಟ್ಟು ನೋಡಿ, ಇಳಿದು, ಪೊರಕೆಯಿಂದ ಅದನ್ನು ಬಳಿದು ತಂದ. ಏಳು ಸಲ ತೊಳೆದು, ಒಣಗಿಸಿ, ಬೀಸಿ ರೊಟ್ಟಿ ಮಾಡಿದರು. “ಕಹಿ ಆಗಿತ್ತು. ನೀ ಉಗುಳಿದಿ. ನಿಮ್ಮಪ್ಪ ನೀ ಉಗುಳಿದ್ದನ್ನೂ ಬಿಡಲಿಲ್ಲ” ಅಂದಳು ಅತ್ತಿ. ಮರುದಿನದಿಂದ ಆತ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದ.

“ಎಷ್ಟು ಚೀಲ ಹಿಡೀತಿತ್ತು ಅತ್ತಿ?” ಎಂದು ಕೇಳಿದೆ.

“ನಲವತ್ತು” ಅಂದಳು. ಒಂದು ಕ್ಷಣವೂ ಯೋಚಿಸಲಿಲ್ಲ.

ನನ್ನ ಬಳಿ ಶಾಲೆಯ ಇನ್ನೂರು ಪುಟದ ನೋಟ್‌ಬುಕ್ಕೊಂದಿತ್ತು. ಮೊದಲ ಪುಟದಲ್ಲಿ ನಲವತ್ತು ಎಂದು ಬರೆದುಕೊಂಡೆ. ಅತ್ತಿಗೆ ಈಗ ಎಂಬತ್ತು ದಾಟಿದೆ. ಈ ದಸರೆಗೆ ಮತ್ತೆ ಹೋಗಬೇಕೆಂದಿದ್ದೇನೆ. ಕೇಳಬೇಕಾದ್ದು ಇನ್ನೂ ಬಹಳ ಇದೆ.