ಮೂವತ್ತೊಂಬತ್ತು ವರ್ಷ ತಡವಾದ ಮಧುಚಂದ್ರ

ಮದುವೆಯಾದ ಹೊಸತರಲ್ಲಿ ಸತಿಪತಿಗಳು ಊರು ಬಿಟ್ಟು ನಾಲ್ಕು ದಿನ ದೂರ ಹೋಗಿಬರುವ ರೂಢಿ ನಮ್ಮ ಕಾಲದ ಹಳ್ಳಿಗಳಲ್ಲಿ ಇರಲಿಲ್ಲ. 1984ರ ಮಾಘಮಾಸದಲ್ಲಿ ನಮ್ಮ ವಿವಾಹವಾಯಿತು. ಮೂರನೆಯ ದಿನ ನಾವು ಪಾಠಶಾಲೆಗೆ ಹೋದೆವು. ನಮ್ಮ ಮನೆಯವರು ಹದಿನಾಲ್ಕು ಜನರ ಕೂಡುಕುಟುಂಬದ ಅಡುಗೆಮನೆಗೆ ಹೋದರು. ಅಂದು ಹಿಡಿದ ಹಾದಿಯಲ್ಲಿಯೇ ಇಬ್ಬರೂ ಮೂವತ್ತೊಂಬತ್ತು ವರ್ಷ ನಡೆದೆವು.

2023ರ ಬೇಸಿಗೆಯಲ್ಲಿ ಕಿರಿಯ ಮಗನ ಮದುವೆಯಾಯಿತು. ಆತ ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಹೊಸ ಸೊಸೆ ಒಂದು ದಿನ, “ಅತ್ತೀ, ನೀವು ಹನಿಮೂನಿಗೆ ಎಲ್ಲಿ ಹೋಗಿದ್ರಿ?” ಎಂದು ಕೇಳಿದಳು. “ನಮ್ಮ ಹನಿಮೂನು ಒಲಿ ಮುಂದ ಆತವ್ವ” ಎಂದು ಮನೆಯವರು ನಕ್ಕರು. ಆ ನಗೆ ಮಕ್ಕಳ ಮನಸ್ಸಿಗೆ ನಾಟಿತೆಂದು ತೋರುತ್ತದೆ. ಸೆಪ್ಟೆಂಬರಿನಲ್ಲಿ ನಮ್ಮಿಬ್ಬರನ್ನೂ ಯುರೋಪಿಗೆ ಕಳುಹಿಸುವುದೆಂದು ನಿಶ್ಚಯಿಸಿ, “ಊರು ಯಾವುದೆಂದು ನೀವೇ ಹೇಳಿರಿ” ಎಂದರು.

ನಾವು ತಡಮಾಡದೆ ವಿಯೆನ್ನಾ ಎಂದೆವು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಅನಂತರ 1898ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದ ಪೀಠವನ್ನು ಅಲಂಕರಿಸಿದ್ದ ಗೇಯೋರ್ಗ್ ಬ್ಯೂಲರ್ ಅವರ ಲಿಪಿಶಾಸ್ತ್ರವನ್ನು ನಾವು ಮಠದಲ್ಲಿದ್ದಾಗಲೇ ಓದಿದ್ದೆವು. 1365ರಲ್ಲಿ ಸ್ಥಾಪನೆಯಾದ ಆ ವಿದ್ಯಾಪೀಠವನ್ನು ಕಣ್ಣಾರೆ ಕಾಣಬೇಕೆಂಬುದು ನಮ್ಮ ಬಹುದಿನದ ಬಯಕೆ. ಮಧುಚಂದ್ರ ಇಬ್ಬರದು, ಊರನ್ನು ಆರಿಸಿದವರು ಒಬ್ಬರೇ. ಇದು ಆಗ ನಮಗೆ ಹೊಳೆಯಲಿಲ್ಲ.

ಹೊರಡುವ ಮುನ್ನ ಒಂದು ಸಂಗತಿ ತಿಳಿಯಿತು. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥವನ್ನು ಯುರೋಪು ಒಕ್ಕೂಟದ ದೇಶಗಳೊಳಗೆ ಒಯ್ಯುವಂತಿಲ್ಲ. ಹೀಗಾಗಿ ತುಪ್ಪವೂ ಧಾರವಾಡದ ಪೇಡೆಯೂ ಮನೆಯಲ್ಲಿಯೇ ಉಳಿದವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾತ್ರ ಪೆಟ್ಟಿಗೆ ಸೇರಿದವು.

ಮಗ ನಮಗಾಗಿ ಗೊತ್ತುಮಾಡಿದ್ದು ಚಿಕ್ಕ ಅಡುಗೆಮನೆಯುಳ್ಳ ಒಂದು ಬಾಡಿಗೆ ವಸತಿ. ಮಂಚ ಒಂದೇ, ಆದರೆ ಆ ಸೀಮೆಯ ಪದ್ಧತಿಯಂತೆ ಹೊದಿಕೆ ಎರಡು, ಒಬ್ಬೊಬ್ಬರಿಗೆ ಒಂದೊಂದು. “ಹನಿಮೂನಿಗೆ ಬಂದವ್ರಿಗೆ ಬ್ಯಾರೆ ಬ್ಯಾರೆ ಕೌದಿ ಕೊಟ್ಟಾರ ನೋಡ್ರಿ” ಎಂದು ಮನೆಯವರು ನಕ್ಕರು. ಅಲ್ಲಿಯ ನಲ್ಲಿಯ ನೀರನ್ನೇ ಕುಡಿಯಬಹುದು. 1873ರಲ್ಲಿ ಒಂದು, 1910ರಲ್ಲಿ ಇನ್ನೊಂದು, ಹೀಗೆ ಎರಡು ಕಾಲುವೆಗಳನ್ನು ಕಟ್ಟಿ ಆಲ್ಪ್ಸ್ ಪರ್ವತದ ಬುಗ್ಗೆಯ ನೀರನ್ನು ಊರಿಗೆ ಹರಿಸಿದ್ದಾರೆ. ಬೆಳಗಿನ ಲಿಂಗಪೂಜೆಗೆ ಆ ತಣ್ಣನೆಯ ನೀರನ್ನು ಹಿಡಿದಾಗ ಪರದೇಶವೆಂಬ ಭಾವ ಅರ್ಧ ಕಳೆಯಿತು.

ಮೊದಲ ರಾತ್ರಿಯ ಊಟದ ಸಂಗತಿಯನ್ನು ಹೇಳಬೇಕು. ಅಡುಗೆಮನೆಯಲ್ಲಿ ಒಂದು ಚಿಕ್ಕ ಮೇಜು, ಎರಡು ಕುರ್ಚಿ. ಕೆಳಗಿನ ಅಂಗಡಿಯಿಂದ ಮೊಸರು ತಂದಿದ್ದೆವು. ನಾವು ಕುಳಿತೆವು. ಮನೆಯವರು ರೊಟ್ಟಿಯ ಗಂಟು ಹಿಡಿದು, ನಮ್ಮ ಬಲಕ್ಕೆ, ಗೋಡೆಗೆ ಒರಗಿ ನಿಂತರು. “ಯಾರಿಗೆ ಬಡಿಸಬೇಕೆಂದು ನಿಂತಿರುವೆ?” ಎಂದೆವು. ಅವರಿಗೂ ಅದು ಆಗಲೇ ಅರಿವಾಯಿತು. ಎದುರಿನ ಕುರ್ಚಿಯನ್ನು ಎಳೆದು ಅಳುಕುತ್ತಲೇ ಕುಳಿತರು. ಮೂವತ್ತೊಂಬತ್ತು ವರ್ಷಗಳಲ್ಲಿ ನಾವಿಬ್ಬರೂ ಎದುರುಬದುರಾಗಿ ಕುಳಿತು ಉಂಡದ್ದು ಅದೇ ಮೊದಲು.

ಎಣ್ಣೆಗಾಯಿ ಪಲ್ಯ ಇದ್ದಿದ್ದರೆ ಚೆನ್ನಾಗಿತ್ತೆಂದು ನಾವು ಮಾತು ತೆಗೆದೆವು. “ನಂಗ ಬದನೀಕಾಯಿ ಸೇರೂದಿಲ್ರಿ, ಮೊದಲಿಂದನೂ” ಎಂದರು. ವಾರಕ್ಕೆರಡು ಸಲ ನಮಗಾಗಿ ಅದನ್ನು ಮಾಡಿ ಬಡಿಸಿದ ಕೈ ಅದು! ಮನೆಗೆ ಬಂದ ಅತಿಥಿಗಳನ್ನು, ಬೀದಿಯಲ್ಲಿ ಕಂಡವರನ್ನು ಕೂಡ “ಊಟವಾಯಿತೇ?” ಎಂದು ಕೇಳುವವರು ನಾವು. ದಾಸೋಹವನ್ನು ಕುರಿತು ಎಷ್ಟೋ ವೇದಿಕೆಗಳಲ್ಲಿ ಉಪನ್ಯಾಸ ಮಾಡಿದವರು. ನಮಗೆ ಬಡಿಸಿದವರನ್ನು ಒಮ್ಮೆಯಾದರೂ ಆ ಪ್ರಶ್ನೆ ಕೇಳಿದ ನೆನಪು ಬರಲಿಲ್ಲ. ಆ ರಾತ್ರಿ ನಿದ್ದೆ ತಡವಾಗಿ ಹತ್ತಿತು.

ಮರುದಿನ ಒಂದು ಭೋಜನಾಲಯಕ್ಕೆ ಹೋದೆವು. ತರಕಾರಿಯ ಸಾರೆಂದು ತಿಳಿದು ಒಂದನ್ನು ತರಿಸಿದೆವು. ಗಜ್ಜರಿಯ ಹೋಳುಗಳು ತೇಲುತ್ತಿದ್ದವು. ಚಮಚ ಎತ್ತುವಷ್ಟರಲ್ಲಿ ಮನೆಯವರು ತಡೆದರು. “ಇದರಾಗ ಏನ ಹಾಕ್ಯಾರ, ಕೇಳ್ರಿ.” ಅಷ್ಟು ಜನರ ನಡುವೆ ವಿಚಾರಿಸಲು ನಮಗೆ ಸಂಕೋಚ. “ಕೇಳಿದ್ರ ಏನ ಹೋಗತೈತ್ರಿ?” ಎಂದವರೇ ಬಡಿಸುವ ಹುಡುಗಿಯನ್ನು ಕರೆದು, ಬಟ್ಟಲು ತೋರಿಸಿ, ತಲೆಯ ಮೇಲೆ ಎರಡು ಬೆರಳನ್ನು ಕೊಂಬಿನಂತೆ ಹಿಡಿದರು. ಆಕೆ ನಕ್ಕು ಹೌದೆಂದು ತಲೆಯಾಡಿಸಿದಳು. ಅದು ದನದ ಎಲುಬು ಮಾಂಸ ಕುದಿಸಿದ ನೀರಿನಲ್ಲಿ ಮಾಡಿದ ಸಾರು! ಆ ಊರಿನಲ್ಲಿ ಅದು ಸಾಮಾನ್ಯ. ನಮ್ಮ ಪಾಂಡಿತ್ಯ ಕಾಯದ ಶೀಲವನ್ನು ಅವರ ಎರಡು ಬೆರಳು ಕಾಯ್ದವು.

ಅಲ್ಲಿಗೆ ಹೋಗುವ ಶಾಕಾಹಾರಿಗಳಿಗೆ ಉಪಯೋಗವಾಗಲೆಂದು ಮುಂದೆ ಕಲಿತದ್ದನ್ನು ಬರೆಯುತ್ತೇವೆ. ಒಗ್ಗದ ಪದಾರ್ಥಗಳನ್ನು ತಿಳಿಸಬೇಕೆಂಬ ಯುರೋಪಿನ ನಿಯಮ 2014ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಆಸ್ಟ್ರಿಯಾದ ಭೋಜನಪಟ್ಟಿಗಳಲ್ಲಿ ಅದಕ್ಕಾಗಿ ತಿನಿಸಿನ ಹೆಸರಿನ ಮುಂದೆ ಅಕ್ಷರಗಳನ್ನು ಅಚ್ಚು ಹಾಕುತ್ತಾರೆ: ‘ಎ’ ಎಂದರೆ ಗೋಧಿ ಮೊದಲಾದ ಧಾನ್ಯ, ‘ಸಿ’ ಎಂದರೆ ಮೊಟ್ಟೆ, ‘ಡಿ’ ಎಂದರೆ ಮೀನು, ‘ಜಿ’ ಎಂದರೆ ಹಾಲು. ಆದರೆ ಮಾಂಸಕ್ಕೆ ಅಕ್ಷರವಿಲ್ಲ. ಅದನ್ನು ಬಾಯಿಬಿಟ್ಟು ಕೇಳಲೇಬೇಕು. ಗಿಣ್ಣದಂತೆ ಕಾಣುವ ಚೀಸನ್ನು ಕರುವಿನ ಜಠರದ ರಸದಿಂದ ಹೆಪ್ಪುಗೊಳಿಸುವುದುಂಟು, ಅದನ್ನೂ ವಿಚಾರಿಸಬೇಕು.

ಕಾಫಿಮನೆಗಳು ಅಲ್ಲಿಯ ವೈಭವ. ಕಾಫಿಯ ಜೊತೆಗೆ ಒಂದು ಲೋಟ ನೀರನ್ನು ಕೇಳದೆಯೇ ಇಡುತ್ತಾರೆ. ಒಂದು ಬಟ್ಟಲು ಕಾಫಿಗೆ ಗಂಟೆಗಟ್ಟಲೆ ಕುಳಿತರೂ ಏಳಿರಿ ಎನ್ನುವವರಿಲ್ಲ. ಸೇಬಿನ ಹೂರಣ ತುಂಬಿದ ಆಪ್ಫೆಲ್‌ಸ್ಟ್ರೂಡೆಲ್ ಎಂಬ ಭಕ್ಷ್ಯವಿದೆ. ಅದರ ಕಣಕವನ್ನು, ಕೆಳಗಿಟ್ಟ ಪತ್ರಿಕೆಯ ಅಕ್ಷರ ಕಾಣುವಷ್ಟು ತೆಳ್ಳಗೆ ಎಳೆಯಬೇಕಂತೆ. ‘ಸಿ’ ಅಕ್ಷರವಿಲ್ಲದ ಕಡೆ ಅದನ್ನು ತರಿಸಿದೆವು. ಮನೆಯವರು ಕಣಕವನ್ನು ಬೆಳಕಿಗೆ ಹಿಡಿದು, “ನಮ್ಮ ಹೋಳಿಗಿ ಕಣಕಾನೂ ಇಷ್ಟು ತೆಳ್ಳಗ ಬರೂದಿಲ್ಲ” ಎಂದು ತಲೆದೂಗಿದರು. ಮತ್ತೊಬ್ಬರ ಕೈಯಡುಗೆಯನ್ನು ಕುಳಿತು ತಿಂದು ಹೊಗಳುವ ಸುಖ ಅವರ ಮುಖದಲ್ಲಿತ್ತು.

ನಾಲ್ಕು ದಿನ ಗ್ರಂಥಾಲಯದಲ್ಲಿ ಕಳೆಯಬೇಕೆಂದು ಬಂದಿದ್ದ ನಾವು, ವಿದ್ಯಾಪೀಠವನ್ನು ಒಂದು ಮುಂಜಾನೆ ನೋಡಿ ನಮಸ್ಕರಿಸಿ ಹಿಂದಿರುಗಿದೆವು.

ಭಾನುವಾರ ಅಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಆದ್ದರಿಂದ ಶನಿವಾರವೇ ನಾಶ್‌ಮಾರ್ಕ್ಟ್ ಎಂಬ ಪೇಟೆಗೆ ಹೋದೆವು. ಅದರ ಒಂದು ತುದಿಗೆ ಶನಿವಾರಗಳಲ್ಲಿ ಹಳೆಯ ಸಾಮಾನುಗಳ ಸಂತೆ ಕೂಡುತ್ತದೆ. ಮನೆಯವರ ಕೈಯಲ್ಲಿ ಹನ್ನೊಂದು ಜನರ ಹೆಸರಿನ ಪಟ್ಟಿ: ಮಗಳು, ಸೊಸೆಯರು, ನಾದಿನಿಯರು, ಮನೆಗೆಲಸದಾಕೆ. ಪ್ರತಿಯೊಂದು ಬೆಲೆಯನ್ನೂ ತೊಂಬತ್ತರಿಂದ ಗುಣಿಸಿ ರೂಪಾಯಿ ಮಾಡಿ ನಿಟ್ಟುಸಿರಿಡುತ್ತಿದ್ದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಆಗ ನಾವು ಕೇಳಿದೆವು: “ನಿನಗೇನು ಬೇಕು?”

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಹಳೆಯ ಪಿಂಗಾಣಿಯ ಜೋಡಿ ಬಟ್ಟಲನ್ನು ತೋರಿಸಿದರು. ಮನೆಯಲ್ಲಿ ನಮ್ಮ ಚಹಾಕ್ಕೆ ಬೆಳ್ಳಿಯ ಲೋಟವಿದೆ. ಅವರು ಕುಡಿಯುವುದು ಕೈಗೆ ಸಿಕ್ಕಿದ್ದರಲ್ಲಿ. “ಎರಡೂ ಒಂದ ನಮೂನಿ ಅದಾವು” ಎಂದಷ್ಟೇ ಹೇಳಿದರು. ಕೊಂಡುಕೊಂಡೆವು.

ಕೇಳುವ ಬಾಯಿ ಒಮ್ಮೆ ತೆರೆಯಿತಲ್ಲ. ಸಂಜೆ ಡಾನ್ಯೂಬ್ ಕಾಲುವೆಯ ದಂಡೆಯಲ್ಲಿ ಕುಳಿತಾಗ ಇನ್ನೊಂದು ಪ್ರಶ್ನೆ ಕೇಳಿದೆವು. “ಮದುವೆಯಾದ ಹೊಸತರಲ್ಲಿ ಎಲ್ಲಿಗಾದರೂ ಹೋಗಬೇಕೆಂದು ಆಸೆಯಿತ್ತೇ?”

“ಸಮುದ್ರ ನೋಡಬೇಕನ್ನೂದು ಇತ್ರಿ.”

ಸಮುದ್ರವೇ ಇಲ್ಲದ ದೇಶಕ್ಕೆ ಕರೆತಂದು ಕೂರಿಸಿದ್ದೆವು! ನಾವಿಬ್ಬರೂ ನಕ್ಕೆವು, ಆದರೆ ನಮ್ಮ ನಗೆಯೊಳಗೆ ನಾಚಿಕೆಯೂ ಇತ್ತು. ನಮ್ಮ ಮನೆಯಿಂದ ಕಾರವಾರಕ್ಕೆ ಒಂದು ಹಗಲಿನ ಬಸ್ಸಿನ ದಾರಿ. ಇದಕ್ಕಾಗಿ ವಿಮಾನ ಹತ್ತಬೇಕಾಗಿರಲಿಲ್ಲ. ಒಂದು ಮಾತು ಕೇಳಬೇಕಾಗಿತ್ತು.

ಆ ವರ್ಷದ ದೀಪಾವಳಿಯ ಮರುವಾರವೇ ಕಾರವಾರಕ್ಕೆ ಹೋಗಿಬಂದೆವು. ಸೀರೆಯ ನೆರಿಗೆ ನೆನೆಯುವವರೆಗೆ ಅವರು ನೀರಿನಲ್ಲಿ ನಿಂತಿದ್ದರು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಹೊಸದಾಗಿ ಮದುವೆಯಾದವರಿರಬಹುದು. ನಮ್ಮಂತೆ ತಲೆ ನರೆತವರೂ ಇರಬಹುದು. ಇಬ್ಬರಿಗೂ ನಮ್ಮ ಬಿನ್ನಹ ಒಂದೇ. ಯಾವ ಊರಿಗೆ ಹೋಗುವಿರೆಂಬುದು ದೊಡ್ಡದಲ್ಲ, ಹೊರಡುವ ಮೊದಲು ಜೊತೆಗಾರರನ್ನು ಕೇಳಿರಿ. ಈಗ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಆ ಜೋಡಿ ಬಟ್ಟಲುಗಳಲ್ಲಿ ಬರುತ್ತದೆ. ಬೆಳ್ಳಿಯ ಲೋಟ ಕಪಾಟಿನಲ್ಲಿದೆ. ಕೆಲವು ದಿನ ಚಹಾ ಮಾಡುವವರು ನಾವೇ. ಸಕ್ಕರೆ ಎಷ್ಟು ಬೇಕೆಂದು ಕೇಳಿಯೇ ಹಾಕುತ್ತೇವೆ.